ಮತದಾರರಿಲ್ಲದ ಶಾಸಕಿ

ಮೇಷ್ಟ್ರು: ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸು ಪ್ರಾಂತದ ಶಾಸನ ಪರಿಷತ್ತಿಗೆ ಬಂದದ್ದು 1926ರ ಚುನಾವಣೆ ಮುಗಿದ ಬೆನ್ನಿಗೆ. ಗೆದ್ದು ಬಂದವರಲ್ಲ, ಸರ್ಕಾರವೇ ಹೆಸರು ಸೂಚಿಸಿ ಕೂರಿಸಿತು. ಬ್ರಿಟಿಷ್ ಇಂಡಿಯಾದ ಶಾಸನಸಭೆಯಲ್ಲಿ ಕುಳಿತ ಮೊದಲ ಮಹಿಳೆ ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿರುತ್ತಾರೆ. ಅವರ ಕೆಲಸ ಅರ್ಥವಾಗಬೇಕಾದರೆ ಈ ‘ಕೂರಿಸಿತು’ ಎಂಬಲ್ಲಿಂದ ಶುರುಮಾಡಬೇಕು. ಅವರಿಗೆ ಕ್ಷೇತ್ರವಿರಲಿಲ್ಲ. ಓಟು ಹಾಕಿ ಕಳಿಸಿದವರೂ ಇರಲಿಲ್ಲ.

ಡಾಕ್ಟರಮ್ಮ: ತಿರುವಾಂಕೂರನ್ನು ಮರೆತಿರಿ ಮೇಷ್ಟ್ರೇ. ಅಲ್ಲಿ 1922ರಲ್ಲೇ ಮೇರಿ ಪುನ್ನೆನ್ ಲೂಕೋಸ್ ಶಾಸನಸಭೆಗೆ ಬಂದಿದ್ದರು. ಅವರೂ ಹೆರಿಗೆ ಡಾಕ್ಟರೇ.

ಮೇಷ್ಟ್ರು: ಅದು ಸಂಸ್ಥಾನ, ಅದಕ್ಕೇ ‘ಬ್ರಿಟಿಷ್ ಇಂಡಿಯಾ’ ಎಂದದ್ದು. ಆದರೆ ಇಬ್ಬರೂ ಡಾಕ್ಟರು, ಇಬ್ಬರೂ ನಾಮನಿರ್ದೇಶನದಿಂದ ಬಂದವರು ಎಂಬುದನ್ನು ಗಮನಿಸಬೇಕು. ಹೆಂಗಸರ ಕಷ್ಟಸುಖ ಬಲ್ಲ ಹೆಂಗಸೊಬ್ಬಳು ಸಭೆಯಲ್ಲಿ ಇರಲಿ ಎಂದು ಸರ್ಕಾರಕ್ಕೆ ಅನ್ನಿಸಿದಾಗ ಮೊದಲು ಕಣ್ಣಿಗೆ ಬೀಳುತ್ತಿದ್ದವರು ಲೇಡಿ ಡಾಕ್ಟರುಗಳೇ.

ಡಾಕ್ಟರಮ್ಮ: ಚುನಾವಣೆಗೆ ಹೆಂಗಸರು ನಿಲ್ಲುವಂತಿರಲಿಲ್ಲವೇ?

ಮೇಷ್ಟ್ರು: ಆ ವರ್ಷವಷ್ಟೇ ಬಾಗಿಲು ತೆರೆದಿತ್ತು. 1919ರ ಸುಧಾರಣಾ ಕಾಯ್ದೆ ಹೆಂಗಸರಿಗೆ ಮತ ಕೊಡುವ ಬಿಡುವ ತೀರ್ಮಾನವನ್ನು ಪ್ರಾಂತಗಳಿಗೇ ಬಿಟ್ಟಿತ್ತು. ಮದರಾಸು 1921ರಲ್ಲಿ ಮತ ಕೊಟ್ಟಿತು. ಸಭೆಯಲ್ಲಿ ಕೂರುವ ಹಕ್ಕು ಸಿಕ್ಕಿದ್ದು 1926ರಲ್ಲಿ. ಮತವೂ ಆಸ್ತಿ, ತೆರಿಗೆಗೆ ಅಂಟಿಕೊಂಡದ್ದು. ಹೆಂಗಸಿನ ಹೆಸರಿನಲ್ಲಿ ಆಸ್ತಿ ಎಲ್ಲಿಂದ ಬರಬೇಕು? ಅಳಿಯಸಂತಾನ ಕಟ್ಟಿನ ದಕ್ಷಿಣ ಕನ್ನಡದಲ್ಲಿ ಸಂಗತಿ ಸ್ವಲ್ಪ ಬೇರೆ, ಆದರೆ ಅಲ್ಲೂ ಯಜಮಾನಿಕೆ ಬಹುಪಾಲು ಗಂಡಸರ ಕೈಯಲ್ಲೇ ಇತ್ತು. ಆಗ ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದರಾಸು ಪ್ರಾಂತಕ್ಕೆ ಸೇರಿದ್ದವಲ್ಲ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಭಾರತೀಯ ಮಹಿಳಾ ಸಂಘದ ಮಾರ್ಗರೆಟ್ ಕಸಿನ್ಸ್ ಒಪ್ಪಿಸಿ ಕಣಕ್ಕಿಳಿಸಿದರು. ಕೆಲವೇ ಮತಗಳಲ್ಲಿ ಸೋಲಾಯಿತು. ಅವರು ಗೆದ್ದಿದ್ದರೆ ಆ ‘ಮೊದಲ ಮಹಿಳೆ’ ಎಂಬ ಮಾತು ಮಂಗಳೂರಿನ ಪಾಲಾಗುತ್ತಿತ್ತು. ಆಮೇಲೆ ಅದೇ ಸಂಘ ಮುತ್ತುಲಕ್ಷ್ಮಿಯವರ ಹೆಸರನ್ನು ಮುಂದಿಟ್ಟಿತು, ಸರ್ಕಾರ ಒಪ್ಪಿತು. ಸಭೆಯವರು ಅವರನ್ನು ಅವಿರೋಧವಾಗಿ ಉಪಾಧ್ಯಕ್ಷರನ್ನಾಗಿಯೂ ಆರಿಸಿದರು.

ಡಾಕ್ಟರಮ್ಮ: ಹಾಗಾದರೆ ಮತದಾರರ ಜಾಗದಲ್ಲಿ ಸಂಘವಿತ್ತು ಅನ್ನಿ.

ಮೇಷ್ಟ್ರು: ಹಾಗೇ ಆಯಿತು. ಸಂಘ ಹುಟ್ಟಿದ್ದು 1917ರಲ್ಲಿ, ಮದರಾಸಿನ ಅಡಯಾರಿನಲ್ಲಿ. ಆನಿ ಬೆಸೆಂಟ್, ಮಾರ್ಗರೆಟ್ ಕಸಿನ್ಸ್, ಡೊರೊತಿ ಜಿನರಾಜದಾಸ ಕಟ್ಟಿದ್ದು. ಊರೂರಿನ ಶಾಖೆಗಳು ಸಭೆ ಸೇರಿ ಠರಾವು ಮಾಡಿ ಮದರಾಸಿಗೆ ಕಳಿಸುತ್ತಿದ್ದವು. ‘ಸ್ತ್ರೀಧರ್ಮ’ ಎಂಬ ಅವರದೇ ಪತ್ರಿಕೆ ಅದನ್ನೆಲ್ಲ ಅಚ್ಚುಮಾಡುತ್ತಿತ್ತು. ಶಾಸಕಿ ಸಭೆಯಲ್ಲಿ ಮಾತಾಡಲು ಎದ್ದಾಗ ಈ ಠರಾವುಗಳ ಕಟ್ಟು ಬೆನ್ನಿಗಿರುತ್ತಿತ್ತು. ಇವತ್ತಿನ ಶಾಸಕರು ಕ್ಷೇತ್ರದಲ್ಲಿ ಅಹವಾಲು ಕೇಳುವುದಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸಂಘದ ಸಭೆಗಳಿಗೆ ಬರುತ್ತಿದ್ದವರು ಹೆಚ್ಚಾಗಿ ಓದುಬರಹ ಬಲ್ಲ, ಅನುಕೂಲಸ್ಥ ಮನೆಗಳ ಹೆಂಗಸರು. ದೇವದಾಸಿಯರ ವಿಷಯ ಬಂದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಡಾಕ್ಟರಮ್ಮ: ಮುತ್ತುಲಕ್ಷ್ಮಿಯವರು ಮದರಾಸು ಮೆಡಿಕಲ್ ಕಾಲೇಜಿನವರು, 1912ರಲ್ಲಿ ಪಾಸಾದವರು ಎಂದು ನಮ್ಮ ಕಡೆಯವರೆಲ್ಲ ಕೇಳಿರುತ್ತಾರೆ. ಅದಕ್ಕಿಂತ ಹಿಂದಿನದು ಹೇಳಿ.

ಮೇಷ್ಟ್ರು: ಪುದುಕೋಟೆ ಸಂಸ್ಥಾನದಲ್ಲಿ 1886ರ ಜುಲೈ 30ರಂದು ಹುಟ್ಟು. ತಂದೆ ನಾರಾಯಣಸ್ವಾಮಿ ಅಯ್ಯರ್, ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಗಂಡುಹುಡುಗರ ಕಾಲೇಜಿಗೆ ಹುಡುಗಿಯೊಬ್ಬಳು ಸೇರುವುದೆಂದರೆ ಊರಿನವರು ಸುಮ್ಮನಿರುತ್ತಾರೆಯೇ? ಆಕ್ಷೇಪ ಬಂತು, ದೊರೆಯ ಅಪ್ಪಣೆಯಿಂದಲೇ ಪ್ರವೇಶ ಸಿಕ್ಕಿತು. 1907ರಲ್ಲಿ ಮೆಡಿಕಲ್ ಕಾಲೇಜು. ಪಾಸಾದ ಮೇಲೆ ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಮಹಿಳಾ ಹೌಸ್ ಸರ್ಜನ್. 1914ರಲ್ಲಿ ಡಾಕ್ಟರ್ ಸುಂದರ ರೆಡ್ಡಿಯವರೊಂದಿಗೆ ಮದುವೆ, ಸಮಾನಳಾಗಿ ಕಾಣಬೇಕು ಎಂಬ ಷರತ್ತಿನ ಮೇಲೆ.

ಡಾಕ್ಟರಮ್ಮ: ಅದೇ ಮೆಡಿಕಲ್ ಕಾಲೇಜಿನಲ್ಲಿ 1875ರಲ್ಲೇ ಮೇರಿ ಶಾರ್ಲೀಬ್ ಎಂಬ ಇಂಗ್ಲಿಷ್ ಹೆಂಗಸು ಓದಲು ಸೇರಿದ್ದರು, ಮದರಾಸಿನ ಲಾಯರೊಬ್ಬರ ಹೆಂಡತಿ. ಗಂಡಸು ಡಾಕ್ಟರು ಮುಟ್ಟಬಾರದೆಂದು ಹೆಂಗಸರು ಹೆರಿಗೆಯಲ್ಲಿ ಸಾಯುವುದನ್ನು ಕೇಳಿ ಓದಿಗೆ ಇಳಿದವರು. 1885ರಲ್ಲಿ ಅವರು ಶುರುಮಾಡಿದ ಆಸ್ಪತ್ರೆಯನ್ನು ತಿರುವಲ್ಲಿಕ್ಕೇಣಿಯಲ್ಲಿ ಜನ ಈಗಲೂ ಗೋಷಾ ಆಸ್ಪತ್ರೆ ಎನ್ನುತ್ತಾರೆ. ಬೆಂಗಳೂರಿನ ಶಿವಾಜಿನಗರದಲ್ಲೂ ಅದೇ ಹೆಸರಿನ ಆಸ್ಪತ್ರೆ ಇದೆ. ಗೋಷಾ ಎಂದರೆ ಪರದೆ. ಆ ಕಾಲದ ಹೆಂಗಸರ ಆರೋಗ್ಯದ ಸಮಸ್ಯೆಯಲ್ಲಿ ಮದ್ದಿನ ಕೊರತೆಯಷ್ಟೇ ದೊಡ್ಡದು ಈ ಪರದೆ. ಲೇಡಿ ಡಾಕ್ಟರಿಲ್ಲದ ಊರಿನಲ್ಲಿ ಆಸ್ಪತ್ರೆ ಇದ್ದರೂ ಹೆಂಗಸಿನ ಪಾಲಿಗೆ ಇಲ್ಲದ ಹಾಗೆ. ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಮಗು ಅಡ್ಡವಾದರೆ, ಕಸ ಬೀಳದೆ ಹೋದರೆ ದೇವರೇ ಗತಿ.

ಮೇಷ್ಟ್ರು: ಸಭೆಯಲ್ಲಿ ಮುತ್ತುಲಕ್ಷ್ಮಿಯವರು ಕೇಳಿದ್ದೂ ಇದಕ್ಕೆ ಸಂಬಂಧಪಟ್ಟದ್ದನ್ನೇ. ಶಾಲೆಯ ಹೆಣ್ಣುಮಕ್ಕಳಿಗೆ ವೈದ್ಯಕೀಯ ತಪಾಸಣೆಯಾಗಬೇಕು, ಅದನ್ನು ಲೇಡಿ ಡಾಕ್ಟರುಗಳೇ ಮಾಡಬೇಕು. ಹೆಂಗಸರಿಗೆ, ಮಕ್ಕಳಿಗೆ ಆಸ್ಪತ್ರೆಯಲ್ಲಿ ಬೇರೆ ವ್ಯವಸ್ಥೆ ಬೇಕು. 1928-29ರಲ್ಲಿ ಶಿಕ್ಷಣದ ಸ್ಥಿತಿಗತಿ ನೋಡಲು ನೇಮಿಸಿದ ಹಾರ್ಟಾಗ್ ಸಮಿತಿಯಲ್ಲಿ ಇದ್ದ ಒಬ್ಬಳೇ ಹೆಂಗಸೂ ಅವರೇ. ಶಾಲೆ, ಆರೋಗ್ಯ ಎರಡನ್ನೂ ಅವರು ಬೇರೆ ಬೇರೆಯಾಗಿ ನೋಡಿದವರಲ್ಲ.

ಡಾಕ್ಟರಮ್ಮ: ಕೇಳಿದರೆ ಸಿಗುತ್ತಿತ್ತೇ?

ಮೇಷ್ಟ್ರು: ಆಗಿನ ಪದ್ಧತಿಗೆ ದ್ವಿಸರ್ಕಾರ ಎಂದು ಹೆಸರು. ಆರೋಗ್ಯ, ಶಿಕ್ಷಣ, ಸ್ಥಳೀಯ ಆಡಳಿತ ಇವನ್ನು ದೇಶೀಯ ಮಂತ್ರಿಗಳಿಗೆ ಬಿಟ್ಟುಕೊಟ್ಟಿದ್ದರು. ಹಣಕಾಸು, ಪೊಲೀಸು ಗವರ್ನರನ ಕಾರ್ಯಕಾರಿ ಮಂಡಳಿಯಲ್ಲೇ ಉಳಿದವು. ಅಂದರೆ ಆಸ್ಪತ್ರೆ ಬೇಕೆಂದು ಒಪ್ಪುವ ಮಂತ್ರಿ ಒಂದು ಕಡೆ, ದುಡ್ಡಿನ ಬೀಗದಕೈ ಇನ್ನೊಂದು ಕಡೆ. ಸದಸ್ಯರ ಕೈಯಲ್ಲಿದ್ದದ್ದು ಪ್ರಶ್ನೆ ಕೇಳುವುದು, ಠರಾವು ಮಂಡಿಸುವುದು, ಮಸೂದೆ ತರುವುದು. ಠರಾವು ಪಾಸಾದರೂ ಅದು ಸರ್ಕಾರಕ್ಕೆ ಶಿಫಾರಸು, ಅಷ್ಟೇ. ಆದರೆ ಆ ಮಾತು ಸಭೆಯ ನಡಾವಳಿಯಲ್ಲಿ ಅಚ್ಚಾಗುತ್ತದೆ, ಪತ್ರಿಕೆಗಳಲ್ಲಿ ಬರುತ್ತದೆ, ಊರೂರಿನ ಸಂಘಗಳು ಅದನ್ನೇ ಹಿಡಿದು ಮತ್ತೆ ಅರ್ಜಿ ಹಾಕುತ್ತವೆ. 1930ರಲ್ಲಿ ತಮ್ಮ ಶಾಸಕಿಯ ದಿನಗಳ ಬಗ್ಗೆ ಅವರು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಹೊರತಂದರು.

ಡಾಕ್ಟರಮ್ಮ: ಬಾಲ್ಯವಿವಾಹದ ಠರಾವೂ ಅವರದೇ ಅಲ್ಲವೇ?

ಮೇಷ್ಟ್ರು: 1928ರ ಮಾರ್ಚಿನಲ್ಲಿ. ಹುಡುಗಿಗೆ ಕನಿಷ್ಠ 16, ಹುಡುಗನಿಗೆ 21 ಆಗುವವರೆಗೆ ಮದುವೆ ಕೂಡದು ಎಂದು ಭಾರತ ಸರ್ಕಾರಕ್ಕೆ ಶಿಫಾರಸು ಮಾಡುವ ಠರಾವು. ಮರುವರ್ಷ ಕೇಂದ್ರ ಶಾಸನಸಭೆಯಲ್ಲಿ ಪಾಸಾದ ಶಾರದಾ ಕಾಯ್ದೆ 14 ಮತ್ತು 18ಕ್ಕೆ ಇಳಿದುಕೊಂಡಿತು. 1930ರ ಏಪ್ರಿಲ್ 1ರಿಂದ ಜಾರಿ. ಆ ಆರು ತಿಂಗಳಲ್ಲಿ ಮದುವೆಗಳ ಸುಗ್ಗಿಯೇ ನಡೆದುಹೋಯಿತು. ಕಾಯ್ದೆ ಜಾರಿಗೆ ಬರುವ ಮೊದಲೇ ಮಗಳನ್ನು ಧಾರೆಯೆರೆದು ಕೊಟ್ಟುಬಿಡೋಣ ಎಂದವರು ದೇಶದ ತುಂಬ ಇದ್ದರು. ಜಾರಿಯಾದ ಮೇಲೂ ನಡೆದುಹೋದ ಮದುವೆ ಅಸಿಂಧುವಾಗುತ್ತಿರಲಿಲ್ಲ. ಯಾರಾದರೂ ದೂರು ಕೊಟ್ಟರೆ ಮಾತ್ರ ಶಿಕ್ಷೆ, ಅದೂ ಹಗುರದ್ದು.

ಡಾಕ್ಟರಮ್ಮ: ಧರ್ಮಶಾಸ್ತ್ರದ ಶ್ಲೋಕಕ್ಕೆ ಶ್ಲೋಕ ಎಸೆಯುವವರ ನಡುವೆ ಡಾಕ್ಟರೊಬ್ಬರು ಮಾತಾಡಿದರೆ ಆಗುವ ಪರಿಣಾಮವೇ ಬೇರೆ. ಹದಿಮೂರರ ಹುಡುಗಿಯ ಕಟಿಮೂಳೆ ಇನ್ನೂ ಬೆಳೆದಿರುವುದಿಲ್ಲ. ಹೆರಿಗೆ ಎರಡು ದಿನ, ಮೂರು ದಿನ ಎಳೆಯುತ್ತದೆ. ಮಗು ಉಳಿಯುವುದಿಲ್ಲ. ತಾಯಿ ಉಳಿದರೆ ಮೂತ್ರ ಹಿಡಿತಕ್ಕೆ ಸಿಗದೆ ಸೋರುವ ಫಿಸ್ಟುಲಾ. ಆ ಹುಡುಗಿಯನ್ನು ವಾಸನೆಯ ನೆಪದಲ್ಲಿ ಮನೆಯವರೇ ಆಚೆ ಹಾಕುತ್ತಾರೆ. ಇದನ್ನು ಹೆರಿಗೆ ವಾರ್ಡಿನಲ್ಲಿ ನೋಡಿದವರು ಸಭೆಯಲ್ಲಿದ್ದರೆ ಶಾಸ್ತ್ರದ ವಾದಕ್ಕೆ ಶಾಸ್ತ್ರದಲ್ಲೇ ಉತ್ತರ ಹುಡುಕುತ್ತ ಕೂರಬೇಕಾಗಿಲ್ಲ.

ಮೇಷ್ಟ್ರು: ಅದೇ ಡಾಕ್ಟರಿಕೆಯೇ ಮುಂದಿನ ವಿಷಯದಲ್ಲಿ ಸ್ವಲ್ಪ ಎಡವಿತು ಅನ್ನುವವರೂ ಇದ್ದಾರೆ.

ಡಾಕ್ಟರಮ್ಮ: ದೇವದಾಸಿ ಮಸೂದೆ.

ಮೇಷ್ಟ್ರು: ಹೌದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1927ರ ನವೆಂಬರಿನಲ್ಲಿ ದೇವಸ್ಥಾನಗಳಿಗೆ ಹೆಣ್ಣುಮಕ್ಕಳನ್ನು ಸಮರ್ಪಿಸುವುದನ್ನು ನಿಲ್ಲಿಸಲು ಕಾನೂನು ಬೇಕೆಂಬ ಠರಾವನ್ನು ತಂದರು, ಪರಿಷತ್ತು ಒಪ್ಪಿತು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಮೈಸೂರಿನಲ್ಲಿ ಆಗುವುದಾದರೆ ಮದರಾಸಿನಲ್ಲಿ ಏಕಾಗದು ಎಂಬುದು ಸುಧಾರಕರ ಮಾತು. ಇಲ್ಲಿ ಗಂಟು ಇದ್ದದ್ದು ಜಮೀನಿನಲ್ಲಿ. ದೇವದಾಸಿಗೆ ದೇವಸ್ಥಾನದಿಂದ ಇನಾಮು ಭೂಮಿ ಇರುತ್ತಿತ್ತು. ಆಕೆ ಅಥವಾ ಆಕೆಯ ಮನೆಯ ಹೆಣ್ಣೊಬ್ಬಳು ಸೇವೆ ಮಾಡುವವರೆಗೆ ಭೂಮಿ ಆ ಮನೆಯಲ್ಲಿ. ಸೇವೆ ನಿಂತರೆ ಭೂಮಿಯೂ ಹೋಯಿತು. ಹಾಗಾಗಿ ತಾಯಿಗೆ ಮನಸ್ಸಿಲ್ಲದಿದ್ದರೂ ಮಗಳಿಗೆ, ಮಗಳಿಲ್ಲದಿದ್ದರೆ ದತ್ತು ತಂದ ಹುಡುಗಿಗೆ ಗೆಜ್ಜೆ ಕಟ್ಟಿಸಲೇಬೇಕು. 1929ರಲ್ಲಿ ಮುತ್ತುಲಕ್ಷ್ಮಿಯವರು ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ ತಿದ್ದುಪಡಿ ತಂದು ಈ ಗಂಟನ್ನು ಬಿಚ್ಚಿದರು. ಸೇವೆಯ ಹೊಣೆ ಹೋಗಲಿ, ಭೂಮಿ ಹೆಂಗಸಿನ ಹತ್ತಿರ ಉಳಿಯಲಿ ಎಂಬುದು ತಿದ್ದುಪಡಿಯ ತಿರುಳು.

ಡಾಕ್ಟರಮ್ಮ: ಅವರ ಎಲ್ಲ ಕೆಲಸಗಳಲ್ಲಿ ಇದೇ ಜಾಣತನದ್ದು. ಯಾರನ್ನೂ ಜೈಲಿಗೆ ಹಾಕದೆ ಸಮರ್ಪಣೆಯ ಕಾರಣವನ್ನೇ ತೆಗೆದುಹಾಕಿದ್ದು.

ಮೇಷ್ಟ್ರು: 1930ರಲ್ಲಿ ತಂದ ಮಸೂದೆ ಮಾತ್ರ ಸಮರ್ಪಣೆಯನ್ನೇ ಅಪರಾಧವೆಂದು ಹೇಳಿತು. ಸಂಪ್ರದಾಯದ ಪರವಾದವರು ಮೊದಲಿಂದಲೂ ವಿರೋಧಿಸುತ್ತಿದ್ದರು, ಕಾಂಗ್ರೆಸ್ಸಿನ ಸತ್ಯಮೂರ್ತಿಯವರೂ ಅವರಲ್ಲೊಬ್ಬರು. ಆದರೆ ಹೆಚ್ಚು ಯೋಚನೆಗೆ ಹಚ್ಚುವ ವಿರೋಧ ಬಂದದ್ದು ದೇವದಾಸಿಯರಿಂದಲೇ. 1927ರಲ್ಲೇ ಅವರು ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿ ಕೊಟ್ಟರು. ನಮ್ಮನ್ನು ವೇಶ್ಯೆಯರೊಂದಿಗೆ ಸೇರಿಸಬೇಡಿ, ನಮ್ಮ ಕಲೆ, ಆಸ್ತಿ, ದತ್ತಕದ ಹಕ್ಕು ಬೇರೆ ರೀತಿಯವು, ವಿದ್ಯಾಭ್ಯಾಸ ಕೊಡಿ, ತಪ್ಪಿದ್ದರೆ ತಿದ್ದಿಕೊಳ್ಳುತ್ತೇವೆ ಎಂಬುದು ಅದರ ಸಾರ. ಆ ಹೋರಾಟದ ಮುಂಚೂಣಿಯಲ್ಲಿ ಬೆಂಗಳೂರು ನಾಗರತ್ನಮ್ಮನವರಿದ್ದರು.

ಡಾಕ್ಟರಮ್ಮ: ನಂಜನಗೂಡಿನವರು.

ಮೇಷ್ಟ್ರು: 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಹೆಸರು ಮಾಡಿ, ಮದರಾಸಿಗೆ ಹೋಗಿ ನೆಲೆಸಿದವರು. ತಮ್ಮ ಸಂಗೀತದ ಸಂಪಾದನೆಗೆ ವರಮಾನ ತೆರಿಗೆ ಕಟ್ಟುತ್ತಿದ್ದರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದ್ದು ಅವರ ದುಡ್ಡಿನಿಂದ. ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನ’ವನ್ನು 1910ರಲ್ಲಿ ಪರಿಷ್ಕರಿಸಿ ಅಚ್ಚುಹಾಕಿಸಿ ಸರ್ಕಾರದ ನಿಷೇಧಕ್ಕೂ ಗುರಿಯಾದರು. ಆಸ್ತಿ, ತೆರಿಗೆ ಇದ್ದವರಿಗೆ ಮತವಿದ್ದ ಆ ಕಾಲದಲ್ಲಿ ಮತದಾರಳಾಗುವ ಯೋಗ್ಯತೆ ನಾಗರತ್ನಮ್ಮನಂಥ ಹೆಂಗಸಿಗೇ ಸಹಜವಾಗಿ ಬರುತ್ತಿತ್ತು.

ಡಾಕ್ಟರಮ್ಮ: ಆದರೂ ಒಂದು ಮಾತು. ನಾಗರತ್ನಮ್ಮ ದೊಡ್ಡ ವಿದುಷಿ. ಗೆಜ್ಜೆ ಕಟ್ಟಿಸಿಕೊಂಡ ಏಳೆಂಟು ವರ್ಷದ ಹುಡುಗಿಯ ಪರವಾಗಿ ಅವರು ಮಾತಾಡಬಹುದೇ? ಆ ಹುಡುಗಿಗೆ ಕಲೆಯೂ ಬರುವುದಿಲ್ಲ, ಇನಾಮೂ ದಕ್ಕುವುದಿಲ್ಲ.

ಮೇಷ್ಟ್ರು: ಹಾಗೆ ಕೇಳಿದ ಹೆಂಗಸರೂ ಅದೇ ಸಮುದಾಯದಲ್ಲಿದ್ದರು. ಮೂವಲೂರು ರಾಮಾಮೃತಂ ಅಮ್ಮೈಯಾರ್ ಆ ಬದುಕನ್ನು ಒಳಗಿನಿಂದ ಕಂಡವರು, ಪದ್ಧತಿ ಹೋಗಲೇಬೇಕು ಎಂದು ಮಾಯವರಂ ಸೀಮೆಯಲ್ಲಿ ಊರೂರು ತಿರುಗಿ ಪ್ರಚಾರ ಮಾಡಿದರು. ಸಮುದಾಯದ ಗಂಡಸರು ಅನೇಕರು ಮಸೂದೆಯ ಪರ. ಅದಕ್ಕೆ ಮಾನದ ಕಾರಣದ ಜೊತೆ ಆಸ್ತಿಯ ಕಾರಣವೂ ಇತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಆ ಮನೆಗಳಲ್ಲಿ ಆಸ್ತಿ ನಡೆಯುತ್ತಿದ್ದದ್ದು ಹೆಣ್ಣಿನ ಕಡೆಯಿಂದ.

ಡಾಕ್ಟರಮ್ಮ: ಮುತ್ತುಲಕ್ಷ್ಮಿಯವರ ಭಾಷೆಯೇ ಒಂದು ತೊಡಕು. ಲೈಂಗಿಕ ರೋಗ, ಜನಾಂಗದ ಆರೋಗ್ಯ, ಸಾಮಾಜಿಕ ನೈರ್ಮಲ್ಯ, ಇವೆಲ್ಲ ಆ ಕಾಲದ ವೈದ್ಯರ ಮಾತುಗಳು. ಸಿಫಿಲಿಸ್ ಆಗ ನಿಜವಾದ ಪೀಡೆಯೇ, ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಆದರೆ ಒಂದು ಸಮುದಾಯದ ಹೆಂಗಸರನ್ನೇ ರೋಗದ ಮೂಲವೆಂಬಂತೆ ಸಭೆಯಲ್ಲಿ ವರ್ಣಿಸಿದಾಗ, ಅವರ ಬಳಿಗೆ ಬಂದು ಹೋಗುತ್ತಿದ್ದ ಗಂಡಸರ ಮಾತು ಬರುವುದೇ ಇಲ್ಲ. ಡಾಕ್ಟರಾದವರು ಗಮನಿಸಬೇಕಾದದ್ದು ಇದು.

ಮೇಷ್ಟ್ರು: ತಾಯಿಯ ಮನೆತನ ಅದೇ ಆಗಿದ್ದರಿಂದ ಅವರ ಮಾತಿನ ಖಾರ ಹೆಚ್ಚಿತೇನೋ ಎಂದು ಕೆಲವರು ಬರೆಯುತ್ತಾರೆ. ಆ ಊಹೆ ನಮಗೆ ಬೇಡ. ಮಸೂದೆ ಮುಂದೆ ಹೋಗುವ ಮೊದಲೇ ಅವರು ಪರಿಷತ್ತು ಬಿಟ್ಟರು. 1930ರಲ್ಲಿ ಉಪ್ಪಿನ ಸತ್ಯಾಗ್ರಹದ ವೇಳೆ ಗಾಂಧೀಜಿಯ ಬಂಧನವಾಯಿತು, ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಸರ್ಕಾರ ಕೂರಿಸಿದ ಜಾಗವನ್ನು ಸರ್ಕಾರಕ್ಕೇ ಬಿಟ್ಟುಕೊಟ್ಟರು. ಶಾಸಕಿಯಾಗಿ ಕೆಲಸ ಮಾಡಿದ್ದು ನಾಲ್ಕು ವರ್ಷಕ್ಕೂ ಕಡಿಮೆ. ಆ ಮಸೂದೆ ಕಾಯ್ದೆಯಾಗಲು 1947 ಬರಬೇಕಾಯಿತು.

ಡಾಕ್ಟರಮ್ಮ: ಅದು ಬಳ್ಳಾರಿಗೂ ಅನ್ವಯವಾಗಿರಬೇಕಲ್ಲ.

ಮೇಷ್ಟ್ರು: ಆಗಿತ್ತು. ಬಳ್ಳಾರಿಯ ಬಹುಭಾಗ 1953ರಲ್ಲಿ ಮೈಸೂರಿಗೆ ಬಂತು, ದಕ್ಷಿಣ ಕನ್ನಡ 1956ರಲ್ಲಿ. ಬೆಳಗಾವಿ, ಬಿಜಾಪುರದ ಕಡೆ ಮುಂಬಯಿ ಪ್ರಾಂತದ 1934ರ ಕಾಯ್ದೆ ಇತ್ತು. ಹೀಗೆ ಎರಡು ಕಾಯ್ದೆಗಳ ನೆರಳಿನಲ್ಲೇ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ, ಹೊಸಪೇಟೆ, ಕೂಡ್ಲಿಗಿ ಕಡೆ ಮುತ್ತು ಕಟ್ಟಿ ದೇವದಾಸಿಯಾಗಿಸುವುದು ನಡೆದೇ ಇತ್ತು. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಈ ಕಡೆಯ ದೇವದಾಸಿಯರು ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ತಂಜಾವೂರಿನ ಇನಾಮು, ನಾಟ್ಯ, ಸಂಗೀತ ಯಾವುದೂ ಇಲ್ಲಿಲ್ಲ. ಭೂಮಿಯ ಗಂಟು ಬಿಚ್ಚುವ 1929ರ ಉಪಾಯ ಭೂಮಿಯೇ ಇಲ್ಲದ ಕಡೆ ಏನು ಮಾಡೀತು?

ಡಾಕ್ಟರಮ್ಮ: ರಾಜೀನಾಮೆ ಕೊಟ್ಟ ಮೇಲಿನ ಅವರ ಕೆಲಸ ನೋಡಿದರೆ, ಸಭೆಯಲ್ಲಿ ಬಾಕಿ ಉಳಿದದ್ದನ್ನು ಹೊರಗೆ ಕಟ್ಟುತ್ತ ಹೋದ ಹಾಗೆ ಕಾಣುತ್ತದೆ.

ಮೇಷ್ಟ್ರು: ಔವೈ ಮನೆ ಎಂಬ ಆಶ್ರಯಧಾಮ ಹುಟ್ಟಿದ್ದೇ ಹಾಗೆ. ದೇವದಾಸಿ ಮನೆಗಳಿಂದ ತಪ್ಪಿಸಿಕೊಂಡ ಮೂವರು ಹುಡುಗಿಯರು ಅವರ ಬಾಗಿಲಿಗೆ ಬಂದರು. ಊರಿನ ಹಾಸ್ಟೆಲುಗಳಲ್ಲಿ ಕೇಳಿದರೆ ಇಂಥವರಿಗೆ ಜಾಗವಿಲ್ಲ. ಕಾನೂನು ಮಾಡಿ ಹುಡುಗಿಯನ್ನು ಬಿಡಿಸಿದಿರಿ, ಸರಿ; ರಾತ್ರಿ ಮಲಗುವುದು ಎಲ್ಲಿ? ಆ ಪ್ರಶ್ನೆ ಅವರ ಮನೆಯಂಗಳಕ್ಕೇ ಬಂದು ನಿಂತಿತು. ತಮ್ಮ ಮನೆಯಲ್ಲೇ ಇಟ್ಟುಕೊಂಡರು. ತಮಿಳು ಕವಯಿತ್ರಿ ಔವೈಯಾರ್ ಹೆಸರಿನಲ್ಲಿ 1931ರ ಹೊತ್ತಿಗೆ ಅದು ಸಂಸ್ಥೆಯಾಯಿತು, ಬಳಿಕ ಅಡಯಾರಿಗೆ ಹೋಯಿತು. ಶಾಲೆ, ಕಸುಬಿನ ತರಬೇತಿ ಎಲ್ಲ ಅಲ್ಲೇ.

ಡಾಕ್ಟರಮ್ಮ: ಕ್ಯಾನ್ಸರ್ ಆಸ್ಪತ್ರೆಯ ಕತೆಯಲ್ಲಿ ಇನ್ನೂ ಹೆಚ್ಚು ತಾಳ್ಮೆ ಇದೆ. ಅವರ ತಂಗಿ ಕ್ಯಾನ್ಸರಿನಿಂದ ತೀರಿಹೋದದ್ದು 1923ರಲ್ಲಿ. ಮದರಾಸು ಮೆಡಿಕಲ್ ಕಾಲೇಜಿನ ನೂರರ ಸಂಭ್ರಮ 1935ರಲ್ಲಿ ನಡೆದಾಗ ಕ್ಯಾನ್ಸರಿಗೆಂದೇ ಒಂದು ಆಸ್ಪತ್ರೆ ಬೇಕು ಎಂದರು. ಯಾರೂ ಅಷ್ಟು ಕಿವಿಗೊಡಲಿಲ್ಲ. ಮಹಿಳಾ ಸಂಘ 1949ರಲ್ಲಿ ಕ್ಯಾನ್ಸರ್ ಪರಿಹಾರ ನಿಧಿ ತೆರೆದು ಹಣ ಕೂಡಿಸಿತು. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1954ರ ಜೂನ್ 18ರಂದು ಅಡಯಾರಿನಲ್ಲಿ 12 ಹಾಸಿಗೆಗಳೊಂದಿಗೆ ಬಾಗಿಲು ತೆರೆಯಿತು. ತಂಗಿ ಸತ್ತು ಮೂವತ್ತೊಂದು ವರ್ಷ ಕಳೆದಿತ್ತು. ಮಗ ಕೃಷ್ಣಮೂರ್ತಿ, 1955ರಲ್ಲಿ ಬಂದು ಸೇರಿದ ವಿ. ಶಾಂತಾ ಇವರಿಬ್ಬರ ಕೈಯಲ್ಲಿ ಅದು ಬೆಳೆಯಿತು. ಶಾಂತಾ 2021ರಲ್ಲಿ ಕಣ್ಣುಮುಚ್ಚುವವರೆಗೂ ಅಲ್ಲೇ ಇದ್ದರು. ಗರ್ಭಕೊರಳಿನ ಕ್ಯಾನ್ಸರ್ ಹೊತ್ತು ಮೀರಿದ ಮೇಲೆ ಆಸ್ಪತ್ರೆಗೆ ಬರುವುದು ನಮ್ಮ ದೇಶದ ಹೆಂಗಸರ ಹಳೇ ಗೋಳು. ಯಾರಿಗೂ ಹೇಳಿಕೊಳ್ಳದೆ ತಡೆದುಕೊಂಡಿರುತ್ತಾರೆ. ಬಟ್ಟೆಯ ಗೋಷಾ ಹೋದರೂ ಈ ಗೋಷಾ ಹೋಗಿಲ್ಲ.

ಮೇಷ್ಟ್ರು: 1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಬಂತು, 1968ರ ಜುಲೈನಲ್ಲಿ ತೀರಿಕೊಂಡರು. ತಮಿಳುನಾಡಿನಲ್ಲಿ ಅವರ ಹೆಸರು ಹೆಚ್ಚು ಓಡಾಡುವುದು ಹೆರಿಗೆ ಸಹಾಯಧನದ ಯೋಜನೆಯಿಂದ. 1987ರಲ್ಲಿ ಶುರುವಾದದ್ದು. ಬಡ ಬಸುರಿಯರಿಗೆ ಕಂತಿನಲ್ಲಿ ಹಣ. ಮೊತ್ತ ಮುಂದೆ 18,000 ರೂಪಾಯಿಯವರೆಗೆ ಏರಿತು, ಅದರಲ್ಲಿ ಒಂದು ಪಾಲು ಪೌಷ್ಟಿಕ ಆಹಾರದ ಕಿಟ್.

ಡಾಕ್ಟರಮ್ಮ: ಕಂತಿಗೆ ಷರತ್ತು ಇದೆ. ಮೊದಲ ಮೂರು ತಿಂಗಳೊಳಗೆ ನರ್ಸಮ್ಮನ ಹತ್ತಿರ ಹೆಸರು ಬರೆಸಬೇಕು, ಕರ್ನಾಟಕದಲ್ಲಿ ತಾಯಿ ಕಾರ್ಡ್ ಮಾಡಿಸುವ ಹಾಗೆ. ತಪಾಸಣೆಗೆ ಬರುತ್ತಿರಬೇಕು, ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಾಗಬೇಕು. ಮಗುವಿಗೆ ಚುಚ್ಚುಮದ್ದು ಹಾಕಿಸಿದ ಮೇಲೆ ಕೊನೆಯ ಕಂತು ತಾಯಿಯ ಬ್ಯಾಂಕ್ ಖಾತೆಗೆ ಬರುತ್ತದೆ.